ಬೀಗದ ಕೈ ಯಾರ ಬಳಿ?



ಸೊರಬದಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡ ಹೆಣ್ಣುಮಗಳೊಬ್ಬಳು ಕಳೆದ ವಾರ ದೂರವಾಣಿಯಲ್ಲಿ ಮಾತನಾಡಿದಳು. ಆಕೆಯ ಚರ್ಚಿನಲ್ಲಿ ಕಿರಿಯರಿಗೆ ಕೆಲಸವೇನೋ ಬೇಕಾದಷ್ಟಿದೆಯಂತೆ: ಕುರ್ಚಿ ಜೋಡಿಸುವುದು, ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟುವುದು, ಹಾಡುವುದು. ಲೆಕ್ಕಪತ್ರದ ಮಾತೆತ್ತಿದರೆ ಮಾತ್ರ "ನೀವಿನ್ನೂ ಚಿಕ್ಕವರು" ಎಂಬ ಉತ್ತರ. "ನನಗೀಗ ನಲವತ್ತೆರಡು, ಸಾರ್" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಇದು ಚರ್ಚಿನದೊಂದೇ ಕಥೆಯಲ್ಲ; ನಮ್ಮ ದೇವಸ್ಥಾನ ಸಮಿತಿಗಳೂ ಇದೇ ಹಾದಿಯಲ್ಲಿವೆ. ಆಕೆಗೆ ನಾನು ಬಳ್ಳಿಗಾವಿಯನ್ನು ನೆನಪಿಸಿದೆ. ಶಿಕಾರಿಪುರ ತಾಲ್ಲೂಕಿನ ಆ ಊರಿಗೆ ನಿಮ್ಮಲ್ಲಿ ಅನೇಕರನ್ನು ಬುತ್ತಿ ಕಟ್ಟಿಸಿಕೊಂಡು ಕರೆದೊಯ್ದಿದ್ದೇನೆ. ಕೇದಾರೇಶ್ವರ ದೇವಾಲಯದ ಕೋಡಿಯ ಮಠವು ಕಾಳಾಮುಖ ಶೈವರ ವಿದ್ಯಾಕೇಂದ್ರವಾಗಿತ್ತು. 1129ರ ಶಾಸನವೊಂದರಲ್ಲಿ ಅಪೂರ್ವ ಸಂಗತಿಯಿದೆ. ಅಲ್ಲಿನ ಆಚಾರ್ಯ ವಾದಿವಿದ್ಯಾಭರಣನು, ಮಠದ ಆಡಳಿತವು ತನ್ನ ವಿದ್ಯಾಸುಖಕ್ಕೆ ಅಡ್ಡಿಯೆಂದು ಬಗೆದು, ತಾನು ಬದುಕಿರುವಾಗಲೇ ಹಿರಿಯ ಶಿಷ್ಯನಿಗೆ ಅದನ್ನು ಒಪ್ಪಿಸಿದನು. ಮುಂದೆ ವಾಮಶಕ್ತಿಯ ಕಾಲದ 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ನ್ಯಾಯಗಳ ಪಾಠವನ್ನೂ, ದೀನರಿಗೆ ಅನ್ನವನ್ನೂ, ರೋಗಿಗಳಿಗೆ ಔಷಧವನ್ನೂ ವರ್ಣಿಸುತ್ತದೆ. ಹಿರಿಯನು ಪಕ್ಕಕ್ಕೆ ಸರಿದುದರಿಂದ ಮಠವೇನೂ ಕೆಡಲಿಲ್ಲ.

ಆತನಿಗೆ ಬಿಟ್ಟುಕೊಡುವುದು ಸುಲಭವಾದದ್ದೇಕೆ? ಅಧಿಕಾರಕ್ಕಿಂತ ಪ್ರಿಯವಾದುದೊಂದು ಆತನಿಗಿತ್ತು. ನಮ್ಮ ಅನೇಕ ಹಿರಿಯರಿಗೆ ಅಧ್ಯಕ್ಷಗಿರಿ ಕಳೆದರೆ ಮರುದಿನ ಬೆಳಗ್ಗೆ ಹೋಗಲು ಬೇರೆ ಜಾಗವಿಲ್ಲ. ಹಟವೆಂದು ನಾವು ದೂರುವುದರಲ್ಲಿ ಅರ್ಧ ಈ ಭಯವೇ.

ಆಕೆಯ ಬೈಬಲಿನಲ್ಲಿಯೂ ಪೌಲನು ಎಫೆಸದ ಸಭೆಯನ್ನು ಕಿರಿಯನಾದ ತಿಮೊಥೆಯನಿಗೆ ಬಿಟ್ಟು ಮಕೆದೋನ್ಯಕ್ಕೆ ಹೊರಡುತ್ತಾನೆ. ಬುದ್ಧಿಮಾತು ಪತ್ರದಲ್ಲಿ ಬರುತ್ತದೆ, ಪೌಲನು ಬಾಗಿಲಲ್ಲಿ ನಿಂತು ಕಾಯುವುದಿಲ್ಲ.

ಹೀಗೆ ಬೋಧಿಸುವ ನಾನೇನೂ ಸಾಚಾ ಅಲ್ಲ. ಶಾಲೆಯಲ್ಲಿ ಮಕ್ಕಳ ಪುಸ್ತಕ ಭಂಡಾರ ತೆರೆದಾಗ ಹುಡುಗನೊಬ್ಬನನ್ನು ಕಾರ್ಯದರ್ಶಿ ಮಾಡಿ, ಬೀಗದ ಕೈಯನ್ನು ನನ್ನ ಜೇಬಿನಲ್ಲಿಯೇ ಇಟ್ಟುಕೊಂಡಿದ್ದೆ. "ಕಾರ್ಯದರ್ಶಿ ನಾನೋ, ನೀವೋ ಸಾರ್?" ಎಂದು ಅವನು ಕೇಳಿಯೂ ಕೇಳಿದ್ದ. ಗದರಿಸಿದೆ. ನನಗೆ ವರ್ಗವಾದ ಮರುವರ್ಷವೇ ಭಂಡಾರ ಮುಚ್ಚಿತು; ಲೆಕ್ಕ ತಿಳಿದವರು ಅಲ್ಲಿ ಒಬ್ಬರೂ ಉಳಿದಿರಲಿಲ್ಲ.

ಆದ್ದರಿಂದ ಆಕೆಗೆ ಹೇಳಿದೆ: ಪದವಿ ಕೇಳಬೇಡ, ಈ ಸಲದ ಸುಗ್ಗಿ ಹಬ್ಬವನ್ನು ಹಣ, ತೀರ್ಮಾನ, ತಪ್ಪುಗಳ ಸಮೇತ ಪೂರ್ತಿಯಾಗಿ ನಿಮಗೆ ಬಿಡುವಂತೆ ಕೇಳು. ಹಿರಿಯರು ಲೆಕ್ಕವನ್ನು ಹಬ್ಬ ಮುಗಿದ ಮೇಲೆ ನೋಡಲಿ. ಮುಂದಿನ ಸಭೆಯಲ್ಲಿ ಕೇಳುತ್ತೇನೆ ಎಂದಿದ್ದಾಳೆ.