ಜಾಯ್‌ಸ್ಟಿಕ್ ಯಾರ ಕಡೆ ನೋಡಬೇಕು?

ಈ ಸಲ ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೀನಿ.

ಟೆಕ್ಸಾಸ್‌ನ ಕೇಳುಗರೊಬ್ಬರು ತಮ್ಮ ಗರಾಜಿನಲ್ಲಿ ಕೂತು ಮಾಡಿದ ಆರ್ಕೇಡ್ ಪ್ಯಾನೆಲ್‌ನ ಫೋಟೋ ಕಳಿಸಿದ್ದಾರೆ. ನಾಲ್ಕು ಜನ ಸಾಲಾಗಿ ನಿಂತು ಆಡುವಂಥದ್ದು, ಪೂರ್ತಿ ಮರದ್ದು. ಅಂಚನ್ನೆಲ್ಲ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ್ದಾರೆ, ಭಾಳ ಚೆನ್ನಾಗಿದೆ. ಜೊತೆಗೆ ಒಂದು ಮಾತು ಬರೆದಿದ್ದಾರೆ: ಎರಡೂ ತುದಿಯಲ್ಲಿ ನಿಲ್ಲುವ ಮಕ್ಕಳು ಯಾವಾಗಲೂ ಸೋಲ್ತಾರಂತೆ, ಚಿಕ್ಕ ಮಗಳಂತೂ “ನಂಗೆ ಬರಲ್ಲ” ಅಂತ ಆಟವನ್ನೇ ಬಿಟ್ಟಿದ್ದಾಳಂತೆ.

ಅವಳಿಗೆ ಖಂಡಿತ ಬರುತ್ತೆ. ತೊಂದರೆ ಇರುವುದು ಜಾಯ್‌ಸ್ಟಿಕ್ ಕೂರಿಸಿದ ಕೋನದಲ್ಲಿ.

ನಾಲ್ಕು ಜನರ ಪ್ಯಾನೆಲ್ ಮಾಡುವವರು ತುದಿಯ ಇಬ್ಬರಿಗಾಗಿ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸುತ್ತಾರೆ. ಅಲ್ಲಿಯವರೆಗೆ ಸರಿ. ಆಮೇಲೆ ಜಾಯ್‌ಸ್ಟಿಕ್ಕನ್ನೂ ಆ ಓರೆ ಅಂಚಿಗೆ ಸಮವಾಗಿ ತಿರುಗಿಸಿ ಬಿಗಿಯುತ್ತಾರೆ. ಇದು ಕೇರಂ ಬೋರ್ಡಿನ ಲೆಕ್ಕ. ಕೇರಂನಲ್ಲಿ ಬೋರ್ಡು ನಮ್ಮ ನಡುವೆ ಮಲಗಿರುತ್ತೆ, ಅವರವರ ಬದಿ ಅವರವರಿಗೆ. ಇಲ್ಲಿ ಹಾಗಲ್ಲವಲ್ಲ! ಪರದೆ ಒಂದೇ, ನಾಲ್ಕೂ ಜನ ನೋಡುವುದು ಅದೇ ಪರದೆಯನ್ನು, ಅದರ ‘ಮೇಲೆ’ ಎಲ್ಲರಿಗೂ ಒಂದೇ.

ಈಗ ಲೆಕ್ಕಕ್ಕೆ ಬನ್ನಿ. ಜಾಯ್‌ಸ್ಟಿಕ್ಕಿನ ಕೆಳಗೆ ನಾಲ್ಕು ಮೈಕ್ರೋಸ್ವಿಚ್ ಇರುತ್ತವೆ. ಪಕ್ಕಪಕ್ಕದ ಎರಡು ಒಟ್ಟಿಗೆ ಒತ್ತಿದರೆ ಅದು ಓರೆ ದಿಕ್ಕು. ಹೀಗೆ ಎಂಟು ದಿಕ್ಕು. 360 ಡಿಗ್ರಿಯನ್ನು ಎಂಟರಿಂದ ಭಾಗಿಸಿದರೆ ಒಂದೊಂದಕ್ಕೆ ಸರಾಸರಿ 45, ಅಂದರೆ ನಡುಗೆರೆಯಿಂದ ಆ ಕಡೆ 22.5, ಈ ಕಡೆ 22.5. ಫೋಟೋದಲ್ಲಿ ತುದಿಯ ಜಾಯ್‌ಸ್ಟಿಕ್ ಸುಮಾರು 30 ಡಿಗ್ರಿ ತಿರುಗಿದ ಹಾಗೆ ಕಾಣುತ್ತೆ. ಮಗು ಪರದೆ ನೋಡಿಕೊಂಡು ನೇರ ಮುಂದಕ್ಕೆ ತಳ್ಳಿದರೆ, ಸ್ವಿಚ್‌ಗಳಿಗೆ ಅದು ಓರೆ. ಆಟದೊಳಗಿನ ಗೊಂಬೆ ಗೋಡೆಗೆ ಹೋಗಿ ಗುದ್ದುತ್ತೆ. ನಾಲ್ಕೇ ದಿಕ್ಕಿನ ಪ್ಯಾಕ್‌ಮ್ಯಾನ್‌ನಂಥ ಆಟದಲ್ಲಿ ಹೇಗೋ ನಡೆದೀತು, ಅಲ್ಲಿ ಆ ಕಡೆ ಈ ಕಡೆ 45 ಡಿಗ್ರಿ ಅವಕಾಶ ಇದೆ. ಆದರೂ ಅದರಲ್ಲಿ 30 ಹೋದರೆ ಒಂದು ಕಡೆ ಉಳಿಯುವುದು 15. ಅವಸರದಲ್ಲಿರುವ ಕೈಗೆ 15 ಯಾವ ಲೆಕ್ಕ?

“ಅಭ್ಯಾಸ ಆಗುತ್ತೆ ಬಿಡಿ” ಅನ್ನುವವರಿದ್ದಾರೆ. ಆಗುತ್ತೆ, ಸುಳ್ಳಲ್ಲ. 1890ರ ದಶಕದಲ್ಲೇ ಜಾರ್ಜ್ ಸ್ಟ್ರಾಟನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಜಗತ್ತನ್ನೇ ತಲೆಕೆಳಗಾಗಿ ತೋರಿಸುವ ಮಸೂರ ಹಾಕಿಕೊಂಡು ದಿನಗಟ್ಟಲೆ ಓಡಾಡಿ, ಮೆದುಳು ಹೊಂದಿಕೊಳ್ಳುತ್ತೆ ಅಂತ ತೋರಿಸಿದರು. ಆದರೆ ಅದಕ್ಕೆ ಸಮಯ ಬೇಕು. ಮನೆಗೆ ಬಂದ ಮಗು ಆಡುವುದೇ ಅರ್ಧ ಗಂಟೆ. ಕಷ್ಟಪಟ್ಟು ಒಗ್ಗಿಕೊಂಡ ಮಗು ಪಕ್ಕದ ನೆಟ್ಟಗಿನ ಜಾಯ್‌ಸ್ಟಿಕ್ಕಿಗೆ ಹೋದರೆ ಅಲ್ಲಿ ಉಲ್ಟಾ ತಪ್ಪು ಮಾಡುತ್ತೆ. 1953ರಲ್ಲೇ ಪಾಲ್ ಫಿಟ್ಸ್ ಮತ್ತು ಚಾರ್ಲ್ಸ್ ಸೀಗರ್ ತೋರಿಸಿಕೊಟ್ಟಿದ್ದಾರೆ: ಕಣ್ಣಿಗೆ ಕಾಣುವ ದಿಕ್ಕಿನ ಜೋಡಣೆಗೂ ಕೈ ಚಲಿಸಬೇಕಾದ ಜೋಡಣೆಗೂ ಹೊಂದಾಣಿಕೆ ಇಲ್ಲದಿದ್ದರೆ ವೇಗವೂ ಕಡಿಮೆ, ತಪ್ಪೂ ಜಾಸ್ತಿ.

ಬೇಕೆಂದೇ ತಿರುಗಿಸಿ ಕೂರಿಸಿದ ಜಾಯ್‌ಸ್ಟಿಕ್ಕೂ ಇದೆ. 1982ರ ಕ್ಯೂಬರ್ಟ್ ಆಟದಲ್ಲಿ 45 ಡಿಗ್ರಿ ಓರೆಯಾಗಿ ಕೂರಿಸಿದ್ದರು, ಯಾಕಂದರೆ ಪರದೆಯ ಮೇಲೆ ಕ್ಯೂಬರ್ಟ್ ಕುಪ್ಪಳಿಸುವುದೇ ಓರೆಯಾಗಿ. ಅಲ್ಲೂ ಯಜಮಾನ ಪರದೆಯೇ, ಮರದ ಅಂಚಲ್ಲ. ಬಟನ್‌ಗಳ ಮಾತು ಬೇರೆ. ಅವಕ್ಕೆ ದಿಕ್ಕಿಲ್ಲ. ಮಣಿಕಟ್ಟಿಗೆ ಹಿತವಾಗುವ ಹಾಗೆ ಎಷ್ಟು ಬೇಕಾದರೂ ಬಾಗಿಸಿ.

ಹೊಸದಾಗಿ ಮಾಡುವವರು ಪೆನ್ಸಿಲ್ ಗೆರೆಯನ್ನು ಪರದೆಯ ಕೆಳಅಂಚಿಗೆ ಸಮಾನಾಂತರವಾಗಿ ಎಳೆಯಿರಿ, ಮೂಲೆಮಟ್ಟ ಇಟ್ಟು. ಹಲಗೆ 18 ಮಿಲಿಮೀಟರ್ ದಪ್ಪ ಇದ್ದರೆ ಅಡಿಯಿಂದ ರೂಟರ್‌ನಲ್ಲಿ (ವೈಫೈದಲ್ಲ, ಮರ ಕೊರೆಯುವುದು!) ತಗ್ಗು ತೋಡಿ. ಇಲ್ಲದಿದ್ದರೆ ಹಲಗೆಯೇ ಕಡ್ಡಿಯ ಉದ್ದ ನುಂಗಿಬಿಡುತ್ತೆ, ಸನ್ನೆ ಗಿಡ್ಡವಾದಷ್ಟೂ ತಳ್ಳಲು ಬಲ ಜಾಸ್ತಿ ಬೇಕು, ಚಿಕ್ಕ ಬೆರಳು ಬೇಗ ಸೋಲುತ್ತೆ. ತಗ್ಗು ತೋಡಿದ ಮೇಲೆ ಉಳಿಯುವ ತೆಳು ಮರದಲ್ಲಿ ಸ್ಕ್ರೂ ನಿಲ್ಲಲ್ಲ. ಮೇಲಿನಿಂದ ಬೋಲ್ಟು, ಅಡಿಯಲ್ಲಿ ವಾಷರು, ನಟ್ಟು. ಎಮ್‌ಡಿಎಫ್ ಕೊರೆಯುವಾಗ ಮಾಸ್ಕ್ ಬೇಕೇ ಬೇಕು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಟೆಕ್ಸಾಸ್‌ನವರು ಪ್ಯಾನೆಲ್ ಬಿಸಾಕಬೇಕಿಲ್ಲ. ಕಡ್ಡಿ ಹೊರಬರುವ ತೂತು ದುಂಡಗಿದೆ, ಅದಕ್ಕೆ ಕೋನದ ಹಂಗಿಲ್ಲ. ತುದಿಯ ಎರಡು ಜಾಯ್‌ಸ್ಟಿಕ್ಕಿನ ನಾಲ್ಕು ನಾಲ್ಕು ಬೋಲ್ಟು ಬಿಚ್ಚಿ, ಬುಡವನ್ನು ಪರದೆಗೆ ನೇರವಾಗಿ ತಿರುಗಿಸಿ, ಅಡಿಯ ತಗ್ಗಿನ ಮೂಲೆ ಅಡ್ಡ ಬಂದರೆ ಉಳಿಯಲ್ಲಿ ಕೆತ್ತಿ, ಹೊಸ ತೂತು ಕೊರೆದು ಬಿಗಿಯಿರಿ. ಹಳೇ ತೂತಿಗೆ ಮರದ ಪುಟ್ಟಿ ತುಂಬಿದರಾಯ್ತು. ಆಮೇಲೆ ಮೊದಲ ಆಟಕ್ಕೆ ಆ ಚಿಕ್ಕವಳನ್ನೇ ತುದಿಯಲ್ಲಿ ನಿಲ್ಲಿಸಿ, ಏನಾಯ್ತು ಅಂತ ನಮಗೆ ಬರೆಯಿರಿ.