ಎದೆನೋವಿಗೆ ಸೋಡಾ ಮದ್ದಲ್ಲ

ನಂಜನಗೂಡು: 2023ರ ಮಾರ್ಚ್ 11ರ ಬೆಳಿಗ್ಗೆ ಮಾಜಿ ಸಂಸದ ಆರ್. ಧ್ರುವನಾರಾಯಣ ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ತಾಲ್ಲೂಕಿಗೆ ತಾಲ್ಲೂಕೇ ದಂಗಾಯಿತು. 2025ರ ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಭಯವೇನೋ ಬಂತು. ಬುದ್ಧಿ ಬಂತೇ?

ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟುವುದು ಒಂದು ದಿನದ ಕೆಲಸವಲ್ಲ. ಬೀಡಿ, ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆ, ಗಲ್ಲಾಪೆಟ್ಟಿಗೆ ಮುಂದೆ ದಿನವಿಡೀ ಕೂತ ಮೈ, ಇವೆಲ್ಲ ವರ್ಷಗಟ್ಟಲೆ ಸೇರಿ ಮಾಡುವ ಕೆಲಸ. ಕೊನೆಗೊಂದು ದಿನ ಆ ಕೊಬ್ಬು ಬಿರಿದು ರಕ್ತ ಹೆಪ್ಪುಗಟ್ಟಿದರೆ ದಾರಿ ಬಂದ್.

ಎದೆ ಹಿಂಡಿ, ನೋವು ಎಡಗೈಗೋ ದವಡೆಗೋ ಹರಿದು, ತಣ್ಣನೆ ಬೆವರು ಕಿತ್ತು ಬಂದರೂ ನಮ್ಮವರ ಬಾಯಲ್ಲಿ ಒಂದೇ ಮಾತು: "ಗ್ಯಾಸು ಕಣಣ್ಣ, ಒಂದು ಸೋಡಾ ಕುಡಿ." ಸಕ್ಕರೆ ಕಾಯಿಲೆಯವರಿಗಂತೂ ನೋವೇ ಕಾಣದಿರಬಹುದು, ಬರೀ ಸುಸ್ತು, ಏದುಸಿರು.

2021ರಲ್ಲಿ 46ನೇ ವಯಸ್ಸಿಗೇ ಹೋದ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ತಂದಿದೆ. ತಾಲ್ಲೂಕು ಮಟ್ಟದಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಟ್ಟು, ದೊಡ್ಡಾಸ್ಪತ್ರೆಗೆ ಸಾಗಿಸುವ ಏರ್ಪಾಡು ಅದು. ಆದರೆ ಸೋಡಾ ಅಂಗಡಿ ಮುಂದೆ ಕಳೆದ ಹೊತ್ತನ್ನು ಯಾವ ಇಂಜೆಕ್ಷನ್ನೂ ವಾಪಸ್ ಕೊಡದು. ನರಸೀಪುರದವರಿರಲಿ, ನಂಜನಗೂಡಿನವರಿರಲಿ, ಮೈಸೂರು ಬಸ್ಸಿಗೆ ಕಾಯಬೇಡಿ. 108ಕ್ಕೆ ಫೋನ್ ಹಚ್ಚಿ.