ತಿಳಿನೀರಿನ ವಿಷಯದಲ್ಲಿ ನಮ್ಮ ಕರ್ತವ್ಯ

ಸುರಪುರಕ್ಕೆ ಸಮೀಪವಾಗಿರುವ ಬೋನಾಳದ ಕೆರೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರುವರು. 17ನೆಯ ಶತಮಾನದಲ್ಲಿ ಸುರಪುರದ ನಾಯಕರ ಆಳಿಕೆಯಲ್ಲಿ ನಿರ್ಮಿತವಾಯಿತೆಂದು ಹೇಳಲ್ಪಡುವ ಈ ಕೆರೆಯು, ಮುಂದೆ ಇಲ್ಲಿ ಅಧಿಕಾರಿಗಳಾಗಿದ್ದ ಮೆಡೋಸ್ ಟೇಲರ್ ಸಾಹೇಬರ ಕಾಲದಲ್ಲಿ ಸುಧಾರಣೆಯನ್ನು ಹೊಂದಿತು. ಈಗ ಅದು ಪಕ್ಷಿಧಾಮವಾಗಿರುವದು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದು ಇಲ್ಲಿ ಇಳಿಯುತ್ತವೆ. ಅಷ್ಟು ದೂರದ ಹಕ್ಕಿಗಳಿಗೆ ಆಸರೆಯಾದ ನೀರಿನ ದಂಡೆಯಲ್ಲಿ ನಿಂತವರಿಗೆ, ಇದೇ ಸೀಮೆಯ ಜನರು ತಲೆತಲಾಂತರದಿಂದ ಕುಡಿಯುವ ನೀರಿನ ದೆಸೆಯಿಂದಲೇ ನೊಂದು ಬಂದವರೆಂದು ಹೇಳಿದರೆ ಸುಲಭವಾಗಿ ನಂಬಿಕೆ ಹುಟ್ಟಲಾರದು.

ನಾರುಹುಣ್ಣು ಎಂಬ ಹೆಸರನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು. ನಮ್ಮ ಮಕ್ಕಳು ಅದನ್ನು ಕೇಳಿಯೂ ಇರಲಿಕ್ಕಿಲ್ಲ. ಮೆಟ್ಟಿಲುಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣಿಸದಷ್ಟು ಸಣ್ಣದಾದ ಒಂದು ನೀರ್ಚಿಗಟವಿರುವದು. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿಯಿರುವದು. ಆ ನೀರನ್ನು ಕುಡಿದವರ ಮೈಯೊಳಗೆ ಮರಿಯು ಬೆಳೆದು, ಸುಮಾರು ಒಂದು ವರುಷವಾದ ಮೇಲೆ ಕಾಲಿನಲ್ಲಿ ಬೊಕ್ಕೆಯೆಬ್ಬಿಸಿ, ಎರಡು ಮೂರು ಅಡಿ ಉದ್ದದ ದಾರದಂತೆ ಹೊರಗೆ ಬರುವದು. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿಗಿಳಿಸಿದೊಡನೆ ಹುಳವು ತನ್ನ ಸಾವಿರಾರು ಮರಿಗಳನ್ನು ಅದೇ ಬಾವಿಯೊಳಗೆ ಬಿಡುವದು. ಹೀಗೆ ನೀರು ತರಲು ಮೆಟ್ಟಿಲಿಳಿದವಳೇ ಊರಿಗೆ ಮುಂದಿನ ವರುಷದ ರೋಗವನ್ನು ಅರಿಯದೆ ಹಂಚಿ ಬರುತ್ತಿದ್ದಳು. ಹುಳವನ್ನು ಒಂದು ಕಡ್ಡಿಗೆ ಸುತ್ತಿಕೊಂಡು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆಯುವದೊಂದೇ ಚಿಕಿತ್ಸೆ. ಬಿತ್ತನೆಯ ಕಾಲದಲ್ಲಿ ಈ ರೋಗವು ಬಂದರೆ ಆ ಮನೆಯ ಹೊಲವು ಬೀಳುಬೀಳುತ್ತಿತ್ತು.

ಈ ರೋಗಕ್ಕೆ ಲಸಿಕೆಯೂ ಇಲ್ಲ, ಹುಳವನ್ನು ಕೊಲ್ಲುವ ಗುಳಿಗೆಯೂ ಇಲ್ಲ. ಆದಾಗ್ಯೂ ಅದು ನಮ್ಮ ದೇಶದಿಂದ ಸಂಪೂರ್ಣವಾಗಿ ತೊಲಗಿತು. 1984ರಲ್ಲಿ ಭಾರತದಲ್ಲಿ ಸುಮಾರು 40,000 ಜನರಿಗೆ ನಾರುಹುಣ್ಣು ಇದ್ದಿತು. ಕರ್ನಾಟಕವು ಆ ರೋಗವಿದ್ದ ರಾಜ್ಯಗಳಲ್ಲಿ ಒಂದು. ಕಟ್ಟಕಡೆಯ ರೋಗಿಯು 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ಲೋಕಕ್ಕೆ ಸಾರಲ್ಪಟ್ಟಿತು. ಇದನ್ನು ಸಾಧಿಸಿದ ಆಯುಧಗಳಾದರೂ ಯಾವವು? ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದ್ದು, ನೀರಿಗೆ ಔಷಧ ಹಾಕಿದ್ದು, ಕೈಪಂಪುಗಳನ್ನು ಹಾಕಿದ್ದು, ಇವೆಲ್ಲಕ್ಕೂ ಮಿಗಿಲಾಗಿ ಕೊಡದ ಬಾಯಿಗೆ ಕಟ್ಟಿದ ಒಂದು ಗೇಣು ಅರಿವೆ. ಬಂಗಾಳದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರಗಳಾಗಿ ಮಡಿಸಿ ನೀರು ಸೋಸುವ ರೂಢಿಯನ್ನು ಕಲಿಸಿದಾಗ ಕಾಲರಾ ರೋಗವು ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅಡಿಗೆಮನೆಯ ಬುದ್ಧಿಯನ್ನು ಅಲ್ಪವೆಂದು ಎಣಿಸುವವರು ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಲಿ.

ನೀರನ್ನು ಸೋಸು, ಕಾಸು, ಮುಚ್ಚಿಡು ಎಂಬ ಮೂರು ಮಾತುಗಳನ್ನು ಆರೋಗ್ಯಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದವರು. ಆ ಪಾಠವನ್ನು ತಮ್ಮ ತಮ್ಮ ಮನೆಗಳಿಗೆ ಒಯ್ದ ಹುಡುಗಿಯರು ಎಷ್ಟು ಕೂಸುಗಳ ಪ್ರಾಣವನ್ನು ಉಳಿಸಿದರೆಂಬದನ್ನು ದೇವರೊಬ್ಬನೇ ಬಲ್ಲನು. ಆದರೆ ಆ ಪಾಠವು ಇಂದು ನಮ್ಮ ಸೀಮೆಗೆ ಸಾಲದಾಗಿರುವದು ಎಂಬುದೇ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು.

ಅದು ಸಾಲದೆ ಹೋದ ಬಗೆಯನ್ನು ವಿಚಾರಿಸೋಣ. ಮೇಲಿನ ನೀರು ಹುಳದ ನೀರೆಂದು ತಿಳಿದ ಮೇಲೆ ಜನರು ಭೂಮಿಯನ್ನು ಕೊರೆದು ಕೆಳಗಿನ ನೀರನ್ನು ಎತ್ತತೊಡಗಿದರು. ಊರೂರಿಗೂ ಬೋರಿಂಗು ಬಂದಿತು. ಅದರ ನೀರು ತಣ್ಣಗೆ, ತಿಳಿಯಾಗಿ, ವಾಸನೆಯಿಲ್ಲದೆ ಇದ್ದಿತು. ಕ್ರಿಮಿಯ ಭಯವು ತಗ್ಗಿತೆಂಬುದೂ ನಿಜ. ಆದರೆ ಆ ನೀರು ನೂರಾರು ಅಡಿಗಳ ಕೆಳಗೆ ಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತದ್ದು. ಕಲ್ಲಿನಲ್ಲಿ ಏನಿರುವದೋ ಅದನ್ನು ತನ್ನಲ್ಲಿ ಕರಗಿಸಿಕೊಂಡದ್ದು. ನಮ್ಮ ಜಿಲ್ಲೆಯ ಕೆಲವು ಕಡೆಗಳಲ್ಲಿ ಆ ಕಲ್ಲು ಫ್ಲೋರೈಡನ್ನು ಬಿಡುತ್ತದೆ. ಸುರಪುರದ ಸೀಮೆಯಲ್ಲಿ ಮಂಗಳೂರು ಎಂಬ ಹಳ್ಳಿಯ (ಇದು ಸಮುದ್ರತೀರದ ಮಂಗಳೂರಲ್ಲ) ಸುತ್ತಲಿನ ಶಿಲೆಯಲ್ಲಿ ಚಿನ್ನವಿದ್ದು, ಹಿಂದೆ ಅಲ್ಲಿ ಗಣಿಗಾರಿಕೆಯು ನಡೆಯಿತು. ಚಿನ್ನವಿರುವ ಕಲ್ಲಿನಲ್ಲಿ ಅನೇಕ ವೇಳೆ ಆರ್ಸೆನಿಕ್, ಅಂದರೆ ನಮ್ಮ ಹಿರಿಯರು ಪಾಷಾಣವೆಂದು ಕರೆದ ವಿಷದ ಮೂಲಧಾತುವು, ಜೊತೆಗೂಡಿರುವದು.

2013ರಲ್ಲಿ ಪ್ರಕಟವಾದ ಒಂದು ಶೋಧನೆಯನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿರುವದು. ಆ ಶಿಲಾಪಟ್ಟಿಯ ಹಳೆಯ ಗಣಿಯ ನೆರೆಯಲ್ಲಿ 59 ಕೊಳವೆಬಾವಿಗಳ ನೀರನ್ನು ವಿದ್ವಾಂಸರು ಪರೀಕ್ಷಿಸಿದರು. ಒಂದು ಲೀಟರು ನೀರಿನಲ್ಲಿ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇರಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮೇರೆ. ಒಂದು ಗ್ರಾಮನ್ನು ಲಕ್ಷ ಪಾಲು ಮಾಡಿ ಒಂದು ಪಾಲನ್ನು ಒಂದು ಲೀಟರಿನಲ್ಲಿ ಕರಗಿಸಿದಷ್ಟು! ಆ 59ರಲ್ಲಿ ನೂರಕ್ಕೆ 79 ಪಾಲು ಈ ಮೇರೆಯನ್ನು ಮೀರಿದ್ದವು. ಒಂದರಲ್ಲಿ 303 ಮೈಕ್ರೋಗ್ರಾಮಿನವರೆಗೂ ಇದ್ದಿತು. ಪರೀಕ್ಷೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದ ಮೇಲೆ ಈ ವಿಷದ ಗುರುತುಗಳು ಕಂಡವು. ಸುರಪುರದ ಕಡೆಯ ಕಿರದಳ್ಳಿ ತಾಂಡಾದ ಹೆಸರು ಈ ದುಃಖದ ಕಾರಣದಿಂದಲೇ ವೃತ್ತಪತ್ರಿಕೆಗಳಲ್ಲಿ ಬಂದಿತು. ಎದೆ ಬೆನ್ನುಗಳ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳುಪಿನ ಚುಕ್ಕೆಗಳು, ಅಂಗೈ ಅಂಗಾಲುಗಳಲ್ಲಿ ಆಣಿಯಂತಹ ಗಂಟುಗಳು ಮೊದಲು ಕಾಣುವವು. ವರುಷಗಟ್ಟಲೆ ಅದೇ ನೀರನ್ನು ಕುಡಿಯುತ್ತ ಬಂದವರಲ್ಲಿ ಚರ್ಮ, ಪುಪ್ಪುಸ ಮತ್ತು ಮೂತ್ರಾಶಯದ ಅರ್ಬುದರೋಗವು ಹುಟ್ಟುವ ಸಂಭವವುಂಟು.

ಈಗ ನಮ್ಮ ಹಳೆಯ ಪಾಠವನ್ನು ಈ ನೀರಿಗೆ ಅನ್ವಯಿಸಿ ನೋಡಿರಿ. ಸೋಸಿದರೆ ಆರ್ಸೆನಿಕ್ ಅರಿವೆಯಲ್ಲಿ ನಿಲ್ಲದು. ಕಾಸಿದರೆ ಸಾಯದು, ಏಕೆಂದರೆ ಅದು ಜೀವವುಳ್ಳದ್ದಲ್ಲ. ಅಷ್ಟೇ ಅಲ್ಲ, ನೀರು ಹಬೆಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ವಿಷವು ಗಟ್ಟಿಯಾಗುವದು. ಫ್ಲೋರೈಡಿನ ಸಂಗತಿಯೂ ಇದೇ. ಶ್ರದ್ಧೆಯುಳ್ಳ ತಾಯಿಯೊಬ್ಬಳು ಶಾಲೆಯಲ್ಲಿ ಕಲಿತಂತೆ ಪ್ರತಿದಿನ ಒಲೆಯ ಮುಂದೆ ಕುಳಿತು, ಕಟ್ಟಿಗೆಯನ್ನು ವೆಚ್ಚಮಾಡಿ, ನೀರು ಕುದಿಸಿ, ಆರಿಸಿ, ತನ್ನ ಕೂಸಿಗೆ ಕುಡಿಸುವಳು. ಮತ್ತು ತಾನು ಮಾಡತಕ್ಕದ್ದನ್ನೆಲ್ಲಾ ಮಾಡಿದೆನೆಂದು ಸಮಾಧಾನಗೊಳ್ಳುವಳು. ಆಕೆಯ ಆ ಸಮಾಧಾನಕ್ಕೆ ಹೊಣೆಗಾರರು ನಾವು. ಅರ್ಧ ಪಾಠವನ್ನು ಪೂರ್ಣ ಪಾಠವೆಂದು ಹೇಳಿಕೊಟ್ಟವರು ಅದನ್ನು ತಿದ್ದಿ ಹೇಳುವದು ಧರ್ಮ.

ಹೀಗೆಂದ ಮಾತ್ರಕ್ಕೆ ಯಾರೂ ಇಂದಿನಿಂದ ನೀರು ಕಾಸುವದನ್ನು ಬಿಟ್ಟುಬಿಡಬಾರದು. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯದೇ ಆದ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತವಾದ ನೀರನ್ನು ಕುಡಿದ ಜನರಿಗೆ ವಾಂತಿಭೇದಿಯಾಗಿ ಪ್ರಾಣಹಾನಿಯೂ ಉಂಟಾಯಿತು. ಕ್ರಿಮಿಯು ಎರಡು ದಿನಗಳಲ್ಲಿ ಕೊಲ್ಲುವದು, ಕಲ್ಲಿನ ವಿಷವು ಇಪ್ಪತ್ತು ವರುಷಗಳಲ್ಲಿ. ಒಂದಕ್ಕೆ ಒಲೆ ಬೇಕು. ಇನ್ನೊಂದಕ್ಕೆ ಪರೀಕ್ಷೆ ಬೇಕು.

ಪರೀಕ್ಷೆಯೆಂದೊಡನೆ ಕೆಲವರು ಹಿಂಜರಿಯುವದನ್ನು ನಾವು ಬಲ್ಲೆವು. ನಮ್ಮೂರ ನೀರು ಕೆಟ್ಟದ್ದೆಂದು ಹೊರಗೆ ತಿಳಿದರೆ ನಮ್ಮ ಹುಡುಗಿಯರನ್ನು ಯಾರು ಕೇಳಿ ಬರುವರು, ನಮ್ಮ ಹುಡುಗರಿಗೆ ಯಾರು ಹೆಣ್ಣು ಕೊಡುವರು, ಎಂದು ಪಾಲಕರು ತಗ್ಗಿದ ದನಿಯಲ್ಲಿ ಕೇಳುವದುಂಟು. ಮೈಮೇಲಿನ ಚುಕ್ಕೆಗಳನ್ನು ಕುಷ್ಠವೆಂದು ಬಗೆದು ಸೆರಗಿನಲ್ಲಿ ಮುಚ್ಚಿಕೊಂಡವರೂ ಉಂಟು. ಹಲ್ಲಿನ ಮೇಲೆ ಕಂದು ಪಟ್ಟೆಗಳಿರುವ ಹುಡುಗಿಯು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವದನ್ನು ನಮ್ಮಲ್ಲಿ ನೋಡದ ಶಿಕ್ಷಕಿಯಿಲ್ಲ. ಅದು ಹಲ್ಲುಜ್ಜದ ದೋಷವಲ್ಲ. ಚಿಕ್ಕಂದಿನಲ್ಲಿ ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗ ಕುಡಿದ ನೀರಿನ ಗುರುತು. ಇದ್ದಿಲು, ಉಪ್ಪುಗಳಿಂದ ಎಷ್ಟು ತಿಕ್ಕಿದರೂ ಹೋಗದು. ಆ ಮಗುವನ್ನು ಗದರಿಸಿದವರು ತಪ್ಪು ಮಾಡಿದರು. ಎಲೀಷ ಪ್ರವಾದಿಯ ಕಾಲದಲ್ಲಿ ಯೆರಿಕೋ ಪಟ್ಟಣದವರು ತಾವಾಗಿಯೇ ಬಂದು, ತಮ್ಮ ಊರಿನ ನೆಲೆ ಚೆಲುವಾದರೂ ನೀರು ಕೆಟ್ಟಿರುವದೆಂದು ನಾಚದೆ ಅರಿಕೆ ಮಾಡಿಕೊಂಡದ್ದನ್ನು ನಾವು ಓದಿರುವೆವು. ಅವರು ಅದನ್ನು ಮರೆಮಾಚಿದ್ದರೆ ಪ್ರವಾದಿಯಾದರೂ ಏನು ಮಾಡಬಹುದಾಗಿತ್ತು?

ಹೊಲದ ಕೆಲಸಕ್ಕೆ ಹೋಗುವವರ ಸಂಗತಿಯನ್ನೂ ಇಲ್ಲಿ ಹೇಳಿಬಿಡುವೆವು. ನಾರಾಯಣಪುರದ ಕಾಲುವೆ ಬಂದಂದಿನಿಂದ ಈ ಸೀಮೆಯಲ್ಲಿ ಭತ್ತದ ನಾಟಿಗೂ ಹತ್ತಿ ಬಿಡಿಸುವದಕ್ಕೂ ಹೆಂಗಸರು ದಿನವಿಡೀ ಹೊಲದಲ್ಲಿರುವರು. ಮನೆಯಲ್ಲಿ ಹರವಿಗೆ ಅರಿವೆ ಕಟ್ಟುವ ಜಾಣೆಯೇ ಹೊಲದಲ್ಲಿ ಕಾಲುವೆಯ ನೀರನ್ನು ಬೊಗಸೆಯಲ್ಲಿ ಕುಡಿಯುವಳು. ಅಥವಾ ಬೆಳೆಗೆ ಹೊಡೆಯುವ ‘ಎಣ್ಣೆ’ಯ ಖಾಲಿ ಡಬ್ಬಿಯನ್ನು ತೊಳೆದು ಅದರಲ್ಲಿ ನೀರು ಒಯ್ಯುವಳು. ಆ ಡಬ್ಬಿಯು ಎಷ್ಟು ತೊಳೆದರೂ ಶುದ್ಧವಾಗದು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟಮಾಡಿದ 23 ಮಕ್ಕಳು ಸತ್ತರು. ಅಡಿಗೆಯಲ್ಲಿ ಸೇರಿದ್ದುದು ಮಾನೊಕ್ರೋಟೊಫಾಸ್ ಎಂಬ ಕೀಟನಾಶಕ. ಖಾಲಿ ಡಬ್ಬಿಯನ್ನು ಮನೆಯೊಳಗೆ ತರಬೇಡಿರಿ; ತೂತು ಮಾಡಿ, ಇನ್ನೊಬ್ಬರೂ ಬಳಸಲಾಗದಂತೆ ಕೆಡಿಸಿರಿ. ಕೆಲಸಕ್ಕೆ ಕರೆದ ಒಡೆಯನು ಕುಡಿಯುವ ನೀರನ್ನು ಒದಗಿಸತಕ್ಕದ್ದೆಂದು ಕೇಳಲು ಸಂಕೋಚವೇಕೆ? ಕೂಲಿಯ ಹಾಗೆ ಅದೂ ಅವನು ಸಲ್ಲಿಸಬೇಕಾದದ್ದೇ.

ಇನ್ನು ಸರಕಾರದವರು ಏನೂ ಮಾಡಲಿಲ್ಲವೆಂದು ಹೇಳುವದು ನ್ಯಾಯವಲ್ಲ. 2019ರ ಆಗಸ್ಟಿನಲ್ಲಿ ಸಾರಲ್ಪಟ್ಟ ಜಲಜೀವನ ಯೋಜನೆಯಲ್ಲಿ ಮನೆಮನೆಗೆ ನಲ್ಲಿಯನ್ನು ಕೊಡುವದಲ್ಲದೆ, ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂಬ ಏರ್ಪಾಡೂ ಸೇರಿರುವದು. ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಓದಿ ಊರಿನಲ್ಲಿರುವ ಹೆಣ್ಣುಮಕ್ಕಳಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು? ಊರೂರಿಗೆ ನಾಣ್ಯ ಹಾಕಿದರೆ ನೀರು ಬರುವ ಶುದ್ಧೀಕರಣದ ಘಟಕಗಳೂ ಬಂದಿರುವವು. ಒಳಗಿನ ಪೊರೆಯು ಸರಿಯಿದ್ದಾಗ ಅವು ಕಲ್ಲಿನ ವಿಷವನ್ನೂ ಬಹುಮಟ್ಟಿಗೆ ತಡೆಯಬಲ್ಲವು. ಆದರೆ ಪೊರೆಯು ಸವೆದ ಮೇಲೆಯೂ ನೀರು ಬರುತ್ತಲೇ ಇರುವದು, ನಾಣ್ಯವೂ ಬೀಳುತ್ತಲೇ ಇರುವದು. ಪೊರೆಯನ್ನು ಯಾವಾಗ ಬದಲಿಸಿದಿರಿ ಎಂದು ಪಂಚಾಯಿತಿಯವರನ್ನು ಕೇಳುವವರು ಮಾತ್ರ ವಿರಳ.

ಹಳೆಯ ವಿದ್ಯಾರ್ಥಿನಿಯರ ಸಂಘದವರು ಶಾಲೆಗೆ ಏನಾದರೊಂದು ಸ್ಮಾರಕವನ್ನು ಅರ್ಪಿಸಬೇಕೆಂದು ಯೋಚಿಸುತ್ತಿರುವರೆಂದು ಕೇಳಿದೆವು. ಕಮಾನು ಕಟ್ಟಿಸುವವರ ಭಕ್ತಿಯನ್ನು ನಾವು ಹಳಿಯುವದಿಲ್ಲ. ಆದರೆ ಶಾಲೆಯ ನೀರನ್ನು ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ತರುವಾಯ ಒಮ್ಮೆ ಪ್ರಯೋಗಾಲಯಕ್ಕೆ ಕಳುಹಿಸಿ, ಬಂದ ಅಂಕೆಗಳನ್ನು ಹೆಬ್ಬಾಗಿಲ ಬಳಿಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುವದಕ್ಕೆ ತಗಲುವ ವೆಚ್ಚವು ಕಮಾನಿನ ವೆಚ್ಚದ ಮುಂದೆ ಬಹು ಸ್ವಲ್ಪ. ನಮ್ಮ ಮತವು ಹಲಗೆಯ ಕಡೆಗೆ. ಬಾಂಗ್ಲಾದೇಶದಲ್ಲಿ ವಿಷವಿದ್ದ ಕೈಪಂಪಿಗೆ ಕೆಂಪು ಬಣ್ಣವನ್ನೂ ಇಲ್ಲದ್ದಕ್ಕೆ ಹಸಿರು ಬಣ್ಣವನ್ನೂ ಹಚ್ಚಿದರು. ಕೆಂಪು ಪಂಪಿನ ನೀರು ಬಟ್ಟೆ ಒಗೆಯಲು ಆಗುವದು, ಕುಡಿಯಲು ಮತ್ತು ಅಡಿಗೆಗೆ ಮಾತ್ರ ಆಗದು ಎಂಬುದನ್ನು ಓದಲು ಬಾರದ ಮುದುಕಿಯೂ ತಿಳಿದುಕೊಂಡಳು.

ಮುಂದಿನ ವಾರ್ಷಿಕ ಸಮ್ಮೇಳನಕ್ಕೆ ಬರುವ ಸಹೋದರಿಯರು ಹೂವಿನ ಹಾರಕ್ಕೆ ಬದಲಾಗಿ ತಮ್ಮ ತಮ್ಮ ಊರಿನ ಕುಡಿಯುವ ನೀರನ್ನು ಒಂದು ಸೀಸೆಯಲ್ಲಿ ತರಲಿ ಎಂದು ಬೇಡುವೆವು. ಔಷಧದ ಅಥವಾ ಪಾನಕದ ಹಳೆಯ ಸೀಸೆ ಬೇಡ. ಜಿಲ್ಲೆಯ ಪ್ರಯೋಗಾಲಯದಿಂದಲೇ ಸೀಸೆಯನ್ನು ಕೇಳಿ ಪಡೆಯುವದು ಉತ್ತಮ. ಪಂಪನ್ನು ಕೆಲವು ನಿಮಿಷ ಹೊಡೆದು ನಿಂತ ನೀರನ್ನು ಹೊರಚೆಲ್ಲಿ, ಆಮೇಲೆ ತುಂಬಬೇಕು. ಊರಿನ ಹೆಸರು, ಪಂಪಿರುವ ಓಣಿ, ತುಂಬಿದ ತಾರೀಖು ಇವುಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿರಿ. ಆರ್ಸೆನಿಕ್ ಮತ್ತು ಫ್ಲೋರೈಡ್ ಎರಡನ್ನೂ ನೋಡಬೇಕೆಂದು ಹೆಸರು ಹಿಡಿದು ಕೇಳಬೇಕು. ಕೇಳದಿದ್ದರೆ ಆರ್ಸೆನಿಕ್ಕಿನ ಪರೀಕ್ಷೆಯು ಬಿಟ್ಟುಹೋಗುವ ಸಂಭವವುಂಟು. ಬೋನಾಳದ ಕಡೆಯಿಂದ ಬರುವವರು ಎರಡು ಸೀಸೆಗಳನ್ನು ತರಲಿ, ಒಂದು ಬೋರಿಂಗಿನದು, ಇನ್ನೊಂದು ಮನೆಯ ನಲ್ಲಿಯದು.